ತೊಗಲು ಮೊಟ್ಟೆ

ಇದನ್ನು ಹೇಳುವುದನ್ನು ನಾನು ಮುಂದಕ್ಕೆ ಹಾಕುತ್ತಲೇ ಬಂದೆ. ಅವ್ವ ಇದ್ದಾಗ ಅವಳಿಗೆ ನೋವಾದೀತು ಎಂದುಕೊಂಡೆ. ಅವ್ವ ಹೋದ ಮೇಲೆ ಹೆಂಡತಿ ನನ್ನನ್ನು ಏನೆಂದು ತಿಳಿದಾಳು ಎಂದುಕೊಂಡೆ. ಈಗ ಹೆಂಡತಿಯೂ ಇಲ್ಲ. ನೆಪಗಳೆಲ್ಲ ಮುಗಿದ ಮೇಲೆ ಬರೆಯಲು ಕೂತಿದ್ದೇನೆ, ಹಾಗಾಗಿ ಇದನ್ನು ಯಾರೂ ಧೈರ್ಯ ಎನ್ನಬಾರದು.

ವಿಷಯ ಕೋಳಿ ಮೊಟ್ಟೆಯದು. ಕೆಲವು ಸಲ ಕೋಳಿ ಚಿಪ್ಪಿಲ್ಲದ ಮೊಟ್ಟೆ ಇಡುತ್ತದೆ. ಕೆಲವು ಸಲ ತಾನಿಟ್ಟ ಮೊಟ್ಟೆಯನ್ನು ತಾನೇ ತಿನ್ನುತ್ತದೆ. ಹಿತ್ತಿಲಲ್ಲಿ ನಾಲ್ಕು ಕೋಳಿ ಸಾಕಿದವರಿಗೆಲ್ಲ ಗೊತ್ತಿರುವ ತೊಂದರೆ ಇದು. ಅಷ್ಟು ಸಣ್ಣ ವಿಷಯವನ್ನು ಹಿಡಿದುಕೊಂಡು ಒಬ್ಬ ಹೆಂಗಸನ್ನು ಅವಳ ಮನೆಯಿಂದಲೇ ಹೊರಗೆ ಹಾಕಬಹುದು ಎಂಬುದನ್ನು ನಾನು ಮಾಡಿ ತೋರಿಸಿದ್ದೇನೆ.

ನಮ್ಮ ಮನೆ ಕೊಡ್ಲಿಪೇಟೆಯಿಂದ ಹೊಳೆಯ ಕಡೆಗೆ ಇಳಿಯುವ ದಾರಿಯಲ್ಲಿತ್ತು. ಹೊಳೆ ದಾಟಿದರೆ ಮೈಸೂರು ಸೀಮೆ, ಈಚೆಗೆ ನಮ್ಮದು ಬ್ರಿಟಿಷರ ಕೊಡಗು. ಅಪ್ಪ ನನಗೆ ನೆನಪಿಲ್ಲ. ಮನೆ ನಡೆಸಿದವನು ಅಣ್ಣ. ಅಣ್ಣನ ಹೆಂಡತಿ, ನನ್ನ ಅತ್ತಿಗೆ, ಹೊಳೆಯಾಚೆಯ ಊರಿನವಳು. ಅವಳು ಮದುವೆಯಾಗಿ ಬಂದಾಗ ನಾನಿನ್ನೂ ಚಡ್ಡಿ ಹಾಕದ ಹುಡುಗ. ನನ್ನನ್ನು ಸೊಂಟದ ಮೇಲೆ ಹೊತ್ತು ತಿರುಗಿದವಳು ಅವಳು, ನನ್ನ ಮೂಗು ಒರೆಸಿದವಳು ಅವಳು. ಎರಡು ಸಲ ಬಸುರಾಗಿದ್ದಳು. ಎರಡು ಸಲವೂ ತಿಂಗಳು ತುಂಬುವ ಮೊದಲೇ ಹೋಯಿತು. ನಾನು ಮರ್ಕರದ ಹೈಸ್ಕೂಲಿನಲ್ಲಿ ಓದುತ್ತಿದ್ದಾಗ ಅಣ್ಣ ಚಳಿಜ್ವರದಲ್ಲಿ ತೀರಿಕೊಂಡ. ಅತ್ತಿಗೆ ತವರಿಗೆ ಹೋಗಲಿಲ್ಲ. ಅವ್ವನಿಗೂ ಕೆಲಸಕ್ಕೆ ಕೈ ಬೇಕಿತ್ತು.

ಹಿತ್ತಿಲಿನ ಕೋಳಿಗಳು ಅತ್ತಿಗೆಯವು. ಮದುವೆಯಾದ ವರ್ಷ ತವರಿನಿಂದ ಮಂಕರಿಯಲ್ಲಿ ಒಂದು ಹೇಂಟೆ, ಒಂದು ಹುಂಜ ಕೊಟ್ಟು ಕಳಿಸಿದ್ದರು. ಆಮೇಲೆ ನಮ್ಮ ಮನೆಯಲ್ಲಿ ಕೂಗಿದ ಹುಂಜಗಳೆಲ್ಲ ಅವುಗಳ ಸಂತಾನವೇ. ಬೆಳಿಗ್ಗೆ, ಕೋಳಿಗಳ ಮೇಲೆ ಕವುಚಿದ್ದ ಮಂಕರಿ ಎತ್ತಿ ಬಿಡುತ್ತಿದ್ದಳು. ಅವು ತಿಪ್ಪೆ, ಬೇಲಿ, ಗದ್ದೆಯ ಬದು ಎಲ್ಲ ಸುತ್ತಿ ಸಂಜೆ ತಾವೇ ಬರುತ್ತಿದ್ದವು. ಹಿಂದಿನ ಗೋಡೆಯ ಸುಣ್ಣವನ್ನು ಕುಕ್ಕಿ ಕುಕ್ಕಿ ಮೊಣಕಾಲೆತ್ತರದವರೆಗೂ ಮಣ್ಣು ಕಾಣಿಸಿಬಿಟ್ಟಿದ್ದವು. ಅವ್ವ ಅದಕ್ಕೆ ದಿನವೂ ಬೈಯುತ್ತಿದ್ದಳು.

ಹೈಸ್ಕೂಲು ಮುಗಿಸಿದ ಮೇಲೆ ನನಗೆ ಹತ್ತಿರದ ಬಿಳಿ ದೊರೆಯ ಕಾಫಿ ಎಸ್ಟೇಟಿನಲ್ಲಿ ರೈಟರ ಕೆಲಸ, ಎಂದರೆ ಲೆಕ್ಕ ಬರೆಯುವ ಕೆಲಸ, ಸಿಕ್ಕಿತು. ಬಂಗಲೆಯ ಹಿಂದೆ ದೊರೆಸಾನಿ ಕೋಳಿಗಳಿಗೆ ತಂತಿ ಬಲೆಯ ಮನೆ ಕಟ್ಟಿಸಿದ್ದಳು. ಒಳಗೆ ಸಾಲಾಗಿ ಪೆಟ್ಟಿಗೆಗಳು, ಪೆಟ್ಟಿಗೆಗೆ ಹುಲ್ಲು, ನೆಲಕ್ಕೆ ಹಲಗೆ. ಒಂದು ಹಿಕ್ಕೆಯೂ ಕಾಣುತ್ತಿರಲಿಲ್ಲ. ಅದನ್ನು ನೋಡಿದಂದಿನಿಂದ ನನಗೆ ನಮ್ಮ ಹಿತ್ತಿಲು ಅಸಹ್ಯವಾಯಿತು. ಗೋದಾಮಿನಲ್ಲಿ ಉಳಿದಿದ್ದ ಹಳೆಯ ಬಲೆಯನ್ನು ಕೇಳಿ ತಂದೆ. ಅಂಥದೇ ಗೂಡು ಕಟ್ಟಿ ಅಷ್ಟೂ ಕೋಳಿಗಳನ್ನು ಹಿಡಿದು ಒಳಗೆ ಹಾಕಿದೆ. ಅತ್ತಿಗೆಯನ್ನು ಕೇಳಲಿಲ್ಲ.

ಅವಳು ಸೊಂಟದ ಮೇಲೆ ಕೈಯಿಟ್ಟು ಬಲೆಯ ಮುಂದೆ ನಿಂತಳು. ಬಾಯಲ್ಲಿ ಯಾವಾಗಲೂ ಇರುವ ಎಲೆಅಡಿಕೆ.

"ಕೋಳಿಗೂ ಜೈಲು ಕಟ್ಟಿಸ್ದಲ್ಲ ಮರಿ. ಏನ್ ತಪ್ಪು ಮಾಡಿದ್ವು?"

"ದೊರೆ ಬಂಗ್ಲೇಲಿ ಹಿಂಗೇ ಸಾಕೋದು."

"ದೊರೆ ಕೋಳಿ ಇಂಗ್ಲೀಷಲ್ಲಿ ಕೂಗ್ತವೇನಪ್ಪ. ನಮ್ಮವು ಹೊಳೆ ಆಚೆಯವು, ಅವಕ್ಕೆ ತಿಪ್ಪೆನೇ ಬಂಗ್ಲೆ."

ಅವ್ವ ನಕ್ಕಳು. ಬಾಗಿಲಲ್ಲಿ ನಿಂತಿದ್ದ ನನ್ನ ಹೆಂಡತಿಯೂ ನಕ್ಕಳು. ಮದುವೆಯಾಗಿ ಎರಡು ವರ್ಷವಾಗಿರಲಿಲ್ಲ. ಹೆಂಡತಿಯ ಮುಂದೆ ನಗೆಗೀಡಾದದ್ದು ನನಗೆ ಚುಚ್ಚಿತು. "ಇನ್ಮೇಲೆ ಕೋಳಿ ನನ್ನ ಜವಾಬ್ದಾರಿ. ನೀನು ಒಳಗಿನ ಕೆಲ್ಸ ನೋಡ್ಕೊ ಅತ್ಗೆ," ಎಂದೆ. ಅವಳು ಎಲೆಯ ರಸ ಉಗುಳಿ, "ಆಯ್ತು ರೈಟ್ರೇ," ಎಂದಳು. ಅವಳು ನನ್ನನ್ನು ಹಾಗೆ ಕರೆದದ್ದು ಅದೇ ಮೊದಲು.

ಮಳೆಗಾಲ ಹಿಡಿಯಿತು. ಕೋಳಿಗಳಿಗೆ ನುಚ್ಚು, ತೌಡು ಹಾಕುತ್ತಿದ್ದೆ. ಗೋಡೆ ಉಳಿಯಿತು, ಹಿತ್ತಿಲು ಚೊಕ್ಕಟವಾಯಿತು, ನಾನು ಬೀಗಿದೆ. ಒಂದು ದಿನ ಅವ್ವ ಗೂಡಿನಿಂದ ಮೊಟ್ಟೆ ತರಲು ಹೋದವಳು ಕೈಯನ್ನು ಮುಂದೆ ಚಾಚಿಕೊಂಡೇ ಬಂದಳು. ಅಂಗೈಯಲ್ಲಿ ಮೊಟ್ಟೆಯಿತ್ತು, ಆದರೆ ಅದಕ್ಕೆ ಚಿಪ್ಪಿರಲಿಲ್ಲ. ಬಿಳಿಯ ತೊಗಲೊಂದೇ. ಬೆರಳು ಒತ್ತಿದಲ್ಲಿ ತಗ್ಗುತ್ತಿತ್ತು. ಒಳಗೆ ಹಳದಿ ಅಲ್ಲಾಡುವುದು ಮಸುಕಾಗಿ ಕಾಣುತ್ತಿತ್ತು.

"ತೊಗಲು ಮೊಟ್ಟೆ," ಅಂದಳು ಅವ್ವ. "ಬಸುರಿ ಇರೋ ಮನೇಲಿ ಇಂಥದ್ದು ಕಾಣ್ಬಾರ್ದು. ಯಾರ್ ಕಣ್ಣೋ ಏನೋ."

ನನ್ನ ಹೆಂಡತಿ ಆಗ ತುಂಬಿದ ಬಸುರಿ. ಅವಳಿಗೆ ತಾಯಿ ಇರಲಿಲ್ಲವಾದ್ದರಿಂದ ಚೊಚ್ಚಲ ಹೆರಿಗೆ ನಮ್ಮ ಮನೆಯಲ್ಲೇ ಆಗಬೇಕಿತ್ತು. ಅವ್ವ ಯಾರ ಹೆಸರನ್ನೂ ಎತ್ತಲಿಲ್ಲ. ಆದರೆ ಅವಳ ಕಣ್ಣು ಒಲೆಯ ಮುಂದೆ ಕೂತಿದ್ದ ಅತ್ತಿಗೆಯ ಬೆನ್ನಿನ ಮೇಲೆ ಸ್ವಲ್ಪ ಹೊತ್ತು ನಿಂತಿತು. ಅತ್ತಿಗೆ ತಿರುಗಲಿಲ್ಲ. ಕೊಳವೆಯಿಂದ ಬೆಂಕಿ ಊದುತ್ತಲೇ ಇದ್ದಳು. ಆ ಮೊಟ್ಟೆಯನ್ನು ಅವ್ವ ಬೇಲಿಯಾಚೆ ಎಸೆದಳು. ಆ ತಿಂಗಳಲ್ಲಿ ಇನ್ನೂ ಅಂಥವು ಬಂದವು. ಗಟ್ಟಿ ಚಿಪ್ಪಿನವು ಕಡಿಮೆಯಾಗುತ್ತ ಹೋದವು.

ಶ್ರಾವಣದಲ್ಲಿ ನನಗೆ ಮಗಳು ಹುಟ್ಟಿದಳು. ಸೂಲಗಿತ್ತಿಯನ್ನು ಕರೆತರಲು ನಾನು ಮಳೆಯಲ್ಲಿ ಹೋಗಿದ್ದೆ. ನಾವು ಬರುವ ಮೊದಲೇ ಮಗು ಬಂದಿತ್ತು. ಅದನ್ನು ಹಿಡಿದುಕೊಂಡವಳು ಅತ್ತಿಗೆ. ಆ ದಿನದಿಂದ ಮಗುವಿಗೆ ನೀರು ಹಾಕುವುದು ಅವಳ ಕೆಲಸವಾಯಿತು. ಬಚ್ಚಲಲ್ಲಿ ಕಾಲು ಚಾಚಿ ಕೂತು, ಕಾಲಿನ ಮೇಲೆ ಮಗುವನ್ನು ಮಲಗಿಸಿಕೊಂಡು, ಎಣ್ಣೆ ತಿಕ್ಕಿ, ಬಿಸಿನೀರು ಹೊಯ್ಯುತ್ತ ಅದನ್ನು ಮಾತಾಡಿಸುತ್ತಿದ್ದಳು: "ಅಯ್ಯೋ ಕಳ್ಳಿ, ಎಷ್ಟ್ ಕಿರುಚ್ತೀಯೆ, ಹೊಳೆ ಆಚೆಗೂ ಕೇಳ್ತದೆ ನಿನ್ ದನಿ." ಮಗುವನ್ನು ತೊಟ್ಟಿಲಿಗೆ ಹಾಕುವ ಶಾಸ್ತ್ರಕ್ಕೆ ವಿಧವೆಯನ್ನು ಮುಂದೆ ಕರೆಯುವಂತಿರಲಿಲ್ಲ. ಆರತಿಗೂ ಅವಳಿಲ್ಲ, ಹಾಡಿಗೂ ಅವಳಿಲ್ಲ. ಅವಳ ಪಾಲಿಗೆ ಇದ್ದದ್ದು ದಿನದ ಈ ನೀರೊಂದೇ. ಅದಕ್ಕಾಗಿ ಅವಳು ನಸುಕಿನಲ್ಲೇ ಎದ್ದು ಹಂಡೆಗೆ ಬೆಂಕಿ ಹಾಕುತ್ತಿದ್ದಳು. ಅವಳು ಅಷ್ಟು ಸಂತೋಷವಾಗಿದ್ದುದನ್ನು ನಾನು ಅಣ್ಣ ಹೋದ ಮೇಲೆ ಕಂಡಿರಲಿಲ್ಲ.

ಹೆರಿಗೆಯಲ್ಲಿ ಹೆಂಡತಿ ಬಹಳ ಸೊರಗಿದ್ದಳು. ಅವಳಿಗೆ ದಿನಕ್ಕೊಂದು ಮೊಟ್ಟೆ ಕೊಡಬೇಕು ಎಂದು ಅವ್ವ ಹೇಳಿದಳು. ಗೂಡಿನಲ್ಲಿ ಮೊಟ್ಟೆಗಳು ಇರಲಿಲ್ಲ. ಹೇಂಟೆಗಳು ಕೂಗುತ್ತಿದ್ದವು, ಮೊಟ್ಟೆ ಇಟ್ಟ ಕೂಗು ಎಂಥದೆಂದು ಯಾರಿಗಾದರೂ ತಿಳಿಯುತ್ತದೆ. ಹೋಗಿ ನೋಡಿದರೆ ಪೆಟ್ಟಿಗೆಯಲ್ಲಿ ಬರೀ ಹುಲ್ಲು.

"ಕೋಳಿನೇ ಕುಡೀತಾವೇನೋ ಅತ್ತೆ," ಎಂದಳು ಅತ್ತಿಗೆ. "ಒಂದೊಂದಕ್ಕೆ ಆ ಚಟ ಇರ್ತದೆ."

"ಕೋಳಿ ತಿಂದಿದ್ರೆ ಚಿಪ್ಪೆಲ್ಲಿ?" ಎಂದವನು ನಾನು. "ಒಂದು ಚೂರಾದ್ರೂ ಬಿದ್ದಿರ್ಬೇಕಲ್ಲ."

ಅದು ವಕೀಲನ ಪ್ರಶ್ನೆಯಂತಿತ್ತು. ಅವ್ವ ತಲೆದೂಗಿದಳು. ಹುಲ್ಲನ್ನೆಲ್ಲ ಕೆದಕಿ ನೋಡಿದೆವು, ಉಗುರಿನಷ್ಟು ಚಿಪ್ಪೂ ಸಿಗಲಿಲ್ಲ. ಹಾಗಾದರೆ ಮನುಷ್ಯರೇ ಎಂದು ತೀರ್ಮಾನವಾಯಿತು. ಮನೆಯಲ್ಲಿದ್ದ ಮನುಷ್ಯರೆಂದರೆ ಅವ್ವ, ಮಲಗಿದ್ದ ಬಾಣಂತಿ, ನಾನು, ಅತ್ತಿಗೆ. ಅತ್ತಿಗೆ ಅವ್ವನನ್ನೂ ನನ್ನನ್ನೂ ನೋಡಿ ನಕ್ಕಳು. "ಸರಿ ಬಿಡಿ, ನಾನೇ ಕುಡ್ದೆ. ರಾತ್ರಿ ಮೊಟ್ಟೆನೂ ನಾನೇ ಇಟ್ಟೆ ಅನ್ನಿ," ಎಂದಳು. ಅವ್ವ ನಗಲಿಲ್ಲ.

ಮೊಟ್ಟೆ ಕುಡಿಯುವ ಕೋಳಿಗೆ ಖಾರ ತುಂಬಿದ ಮೊಟ್ಟೆ ಇಟ್ಟರೆ ಚಟ ಬಿಡುತ್ತದೆ ಎಂದು ಬಂಗಲೆಯ ಬಟ್ಲರ್ ಹೇಳಿದ್ದ. ನಾನು ಆ ಉಪಾಯವನ್ನು ಬೇರೆಯದೇ ಕೆಲಸಕ್ಕೆ ಬಳಸಿದೆ. ಬಂಗಲೆಯಿಂದ ತಂದ ಗಟ್ಟಿ ಚಿಪ್ಪಿನ ಒಂದು ಮೊಟ್ಟೆಗೆ ಸೂಜಿಯಿಂದ ಎರಡು ತೂತು ಮಾಡಿ ಒಳಗಿನದ್ದನ್ನು ಊದಿ ತೆಗೆದೆ. ಬೇಲಿಯ ಗಿಡದಿಂದ ಸೂಜಿಮೆಣಸು ಕಿತ್ತು ಅರೆದು, ಆ ಕೆಂಪು ನೀರನ್ನು ತುಂಬಿ, ಮೇಣದಿಂದ ತೂತು ಮುಚ್ಚಿದೆ. ಅರೆದ ಕೈ ಮೂರು ಸಲ ತೊಳೆದರೂ ಉರಿಯುತ್ತಿತ್ತು. ಕೋಳಿ ಕುಕ್ಕಿದರೆ ಗೂಡಿನಲ್ಲಿ ರಂಪವಾಗುತ್ತದೆ, ಮನುಷ್ಯರು ಕುಡಿದರೆ ಮುಖದಲ್ಲೇ ಕಾಣುತ್ತದೆ ಎಂದು ನನ್ನ ಲೆಕ್ಕ. ಸಂಜೆ ಅದನ್ನು ಪೆಟ್ಟಿಗೆಯಲ್ಲಿಟ್ಟೆ. ಅವ್ವನಿಗೆ ಮಾತ್ರ ಹೇಳಿದೆ.

ಬೆಳಿಗ್ಗೆ ಮೊಟ್ಟೆ ಇರಲಿಲ್ಲ. ಕೋಳಿಗಳು ಯಾವ ರಂಪವೂ ಇಲ್ಲದೆ ನುಚ್ಚು ಹೆಕ್ಕುತ್ತಿದ್ದವು. ಚಿಪ್ಪೂ ಇರಲಿಲ್ಲ. ನಾನು ಸೀದಾ ಬಚ್ಚಲಿಗೆ ಹೋದೆ. ಅತ್ತಿಗೆ ಹಂಡೆಯ ಒಲೆ ಊದುತ್ತಿದ್ದಳು. ಮಳೆಗಾಲದ ಹಸಿ ಸೌದೆ, ಹೊಗೆ ತುಂಬಿತ್ತು. ಅವಳು ತಲೆಯೆತ್ತಿದಾಗ ಕಣ್ಣು ಕೆಂಪಗಿದ್ದವು, ನೀರು ಸುರಿಯುತ್ತಿತ್ತು.

"ಎದ್ದು ಹೊರಗ್ ಬಾ ಅತ್ಗೆ."

"ಏನ್ ಮರಿ, ನೀರ್ ಕಾಯ್ತಾ ಅದೆ."

"ಬಾ ಅಂದ್ನಲ್ಲ."

ಹಿತ್ತಿಲಲ್ಲಿ ಅವ್ವ ನಿಂತಿದ್ದಳು. ಹಾಲಿಗೆ ಬಂದಿದ್ದ ಪಕ್ಕದ ಮನೆಯ ಹೆಂಗಸೂ ಚೊಂಬು ಹಿಡಿದು ನಿಂತಿದ್ದಳು. ಅವಳು ಹೋಗುವವರೆಗೆ ಕಾಯಬಹುದಿತ್ತು. ನಾನು ಕಾಯಲಿಲ್ಲ. ಅವಳು ಇದ್ದದ್ದು ನನಗೆ ಒಳ್ಳೆಯದೇ ಎನಿಸಿತ್ತು.

"ಬಾಯಿ ತೆಗಿ," ಎಂದೆ. "ನಾಲ್ಗೆ ತೋರ್ಸು."

ಅವಳು ಮೊದಲು ನಕ್ಕಳು. ನಾನು ಹುಡುಗನಾಗಿದ್ದಾಗ ಮಣ್ಣು ತಿಂದೆನೇನೋ ಎಂದು ಅವಳು ನನ್ನ ನಾಲಗೆ ನೋಡುತ್ತಿದ್ದಳು, ಅದೇ ಆಟವೆಂದುಕೊಂಡಿರಬೇಕು. ಆಮೇಲೆ ಅವ್ವನ ಮುಖ ನೋಡಿದಳು. ನಗು ನಿಂತಿತು.

"ಯಾಕೆ?"

"ತೋರ್ಸು."

ಅವಳು ಬಾಯಿ ತೆರೆದು ನಾಲಗೆ ಚಾಚಿದಳು. ದನದ ಜಾತ್ರೆಯಲ್ಲಿ ಎತ್ತಿನ ಹಲ್ಲು ನೋಡುವ ಹಾಗೆ ನಾನು ಬಗ್ಗಿ ನೋಡಿದೆ. ಗದ್ದ ಹಿಡಿದು ಬೆಳಕಿಗೆ ತಿರುಗಿಸಿದೆ. ನಾಲಗೆ ಕೆಂಪಗಿತ್ತು. ಹದಿನೈದು ವರ್ಷದಿಂದ ಎಲೆಅಡಿಕೆ ಹಾಕುವ ಹೆಂಗಸಿನ ನಾಲಗೆ ಬೇರೆ ಯಾವ ಬಣ್ಣಕ್ಕಿರುತ್ತದೆ?

"ಕೆಂಪಗದೆ," ಎಂದಳು ಅವ್ವ. "ಕಣ್ಣೂ ಕೆಂಪಗವೆ. ಬಾಣಂತಿ ಬಾಯಿಂದ ಕಿತ್ಕೊಂಡು ತಿಂದ್ಯಲ್ಲೇ, ನಿಂಗೆ ಮನ್ಸು ಹೆಂಗ್ ಬಂತು."

"ಅತ್ತೆ, ಹೊಗೆ..."

"ಖಾರ ಹತ್ತಿದ್ದು," ಎಂದೆ ನಾನು. "ಮೆಣಸು ತುಂಬ್ಸಿಟ್ಟಿದ್ದೆ ಅದ್ರಲ್ಲಿ. ಕೋಳಿ ಕುಡ್ದಿದ್ರೆ ಈ ಹೊತ್ತಿಗೆ ಗೂಡು ಹಾರಿಸ್ತಿತ್ತು."

ಪಕ್ಕದ ಮನೆಯವಳು ನೆಲ ನೋಡುತ್ತ ಹೊರಟುಹೋದಳು. ಸಂಜೆಯೊಳಗೆ ಊರಿಗೆಲ್ಲ ತಿಳಿಯಿತು. ಅತ್ತಿಗೆ ಅಳಲಿಲ್ಲ. ಬಾಯಿ ಮುಚ್ಚಿಕೊಂಡು ಸೆರಗಿನಿಂದ ಗದ್ದ ಒರೆಸಿಕೊಂಡಳು. ನಾನು ಹಿಡಿದಿದ್ದ ಜಾಗವನ್ನು ಒರೆಸಿಕೊಂಡಳು.

ಅಂದಿನಿಂದ ಮಗುವಿಗೆ ನೀರು ಹಾಕುವುದನ್ನು ಅವ್ವ ತಪ್ಪಿಸಿದಳು. "ಮಕ್ಕಳಿಲ್ಲದವಳ ಹೊಟ್ಟೆಉರಿ ಮಗೂಗೆ ತಾಗ್ತದೆ," ಎಂದಳು. ಅವ್ವನಿಗೆ ಕಾಲು ಮಡಿಸಲು ಆಗುತ್ತಿರಲಿಲ್ಲ, ಕೈ ನಡುಗುತ್ತಿತ್ತು, ಮಗು ಜಾರಿ ಜಾರಿ ಕಿರುಚುತ್ತಿತ್ತು. ಅತ್ತಿಗೆ ಅಂಗಳದಲ್ಲಿ ಪಾತ್ರೆ ತಿಕ್ಕುತ್ತ ಆ ಅಳುವನ್ನು ಕೇಳುತ್ತಿದ್ದಳು. ಬೂದಿ ಹಿಡಿದ ಕೈ ನಿಂತುಬಿಡುತ್ತಿತ್ತು. ಬಾಣಂತಿ ಕೋಣೆಯ ಹೊಸ್ತಿಲನ್ನು ದಾಟಬೇಡ ಎಂದು ಅವ್ವ ಹೇಳಿದ್ದರಿಂದ ಊಟದ ತಟ್ಟೆಯನ್ನು ಹೊಸ್ತಿಲ ಮೇಲಿಟ್ಟು ಹೋಗುತ್ತಿದ್ದಳು. ಒಂದೆರಡು ಸಲ ತಟ್ಟೆ ಇಟ್ಟವಳು ಮೇಲೇಳದೆ ಒಳಗೆ ನೋಡುತ್ತ ಕೂತಿರುವುದನ್ನು ಕಂಡೆ. ನನ್ನ ಹೆಂಡತಿ, "ಪಾಪ, ಬಿಡಿ ಒಳಗೆ," ಎಂದಳು. "ಕಳ್ಳರಿಗೆ ಸಲಿಗೆ ಕೊಡಬಾರದು," ಎಂದೆ.

ಒಂದು ಭಾನುವಾರ ಕೆಲಸವಿರಲಿಲ್ಲ. ಗೂಡಿನ ಬಾಗಿಲಿನ ತಂತಿ ಸಡಿಲವಾಗಿತ್ತು, ಬಿಗಿಯಲು ಕೂತಿದ್ದೆ. ಕಂದು ಹೇಂಟೆ ಪೆಟ್ಟಿಗೆಯಲ್ಲಿ ಬೆನ್ನು ಗೂನು ಮಾಡಿ ಎದ್ದು ನಿಂತಿತು. ಅದರ ಹಿಂದೆ ಇನ್ನೆರಡು ಕೋಳಿಗಳು ಕತ್ತು ಚಾಚಿ ಕಾಯುತ್ತಿದ್ದವು. ತೊಗಲು ಮೊಟ್ಟೆ ಹುಲ್ಲಿಗೆ ಬಿತ್ತೋ ಇಲ್ಲವೋ, ಒಂದು ಕುಕ್ಕಿತು, ಇನ್ನೊಂದು ಹೀರಿತು. ಹೆತ್ತ ಹೇಂಟೆಯೂ ತಿರುಗಿ ಸೇರಿಕೊಂಡಿತು. ಉಳಿದ ತೊಗಲನ್ನು ಎರೆಹುಳು ಎಳೆದಾಡುವಂತೆ ಎಳೆದಾಡಿ ನುಂಗಿದವು. ಕೊಕ್ಕನ್ನು ಹುಲ್ಲಿಗೆ ಒರೆಸಿದವು. ಹುಲ್ಲು ಸ್ವಲ್ಪ ಒದ್ದೆಯಾಗಿತ್ತು, ಅಷ್ಟೇ. ಕೆಲಸ ಬಿಟ್ಟು ಅಲ್ಲೇ ಕೂತೆ. ಮಧ್ಯಾಹ್ನ ಮತ್ತೊಂದು ಹೇಂಟೆ ತೆಳು ಚಿಪ್ಪಿನ ಮೊಟ್ಟೆ ಇಟ್ಟಿತು. ಅದನ್ನು ಒಡೆದು ಕುಡಿದು, ಚಿಪ್ಪಿನ ಚೂರುಗಳಿಗಾಗಿ ಒಂದನ್ನೊಂದು ಅಟ್ಟಿಸಿಕೊಂಡು ಹೋದವು. ಗೋಡೆಯ ಸುಣ್ಣವನ್ನು ಅವು ಯಾಕೆ ಕುಕ್ಕುತ್ತಿದ್ದವೆಂದು ನನಗೆ ಆಗ ಹೊಳೆಯಿತು. ಸುಣ್ಣ ಸಿಗದಂತೆ ಕೂಡಿಹಾಕಿದವನು ನಾನು. ಚಿಪ್ಪು ಕಟ್ಟಲು ಏನೂ ಸಿಗದೆ ಅವು ಚಿಪ್ಪಿಲ್ಲದೆ ಇಟ್ಟವು, ಸಿಕ್ಕ ಚಿಪ್ಪನ್ನು ಚೂರೂ ಬಿಡದೆ ತಿಂದವು.

ಆದರೂ ಖಾರದ ಮೊಟ್ಟೆಯ ಪ್ರಶ್ನೆ ಉಳಿದಿತ್ತು. ಅದೊಂದನ್ನು ಹಿಡಿದುಕೊಂಡು ನಾನು ಬೇಲಿಯ ಕಡೆಗೆ ಹೋದೆ. ಸೂಜಿಮೆಣಸಿನ ಗಿಡದಲ್ಲಿ ಒಂದು ಪಿಕಳಾರ ಹಕ್ಕಿ ಕೂತು ಕೆಂಪು ಕಾಯಿಗಳನ್ನು ಒಂದಾದ ಮೇಲೊಂದು ನುಂಗುತ್ತಿತ್ತು. ನಮ್ಮ ಕಡೆ ಸೂಜಿಮೆಣಸನ್ನು ಯಾರೂ ನೆಡುವುದಿಲ್ಲ. ಹಕ್ಕಿ ತಿಂದು ಹಿಕ್ಕೆ ಹಾಕಿದಲ್ಲಿ ಅದು ಹುಟ್ಟುತ್ತದೆ. ಇದು ಇಲ್ಲಿನ ಕೂಸಿಗೂ ಗೊತ್ತು, ನನಗೂ ಗೊತ್ತಿತ್ತು. ಹಕ್ಕಿಗೆ ಖಾರ ಹತ್ತಿದ್ದರೆ ಆ ಗಿಡವೇ ಅಲ್ಲಿರುತ್ತಿರಲಿಲ್ಲ. ಕೋಳಿಯೂ ಹಕ್ಕಿಯೇ ಎಂಬುದು ಮಾತ್ರ ನನಗೆ ಹೊಳೆದಿರಲಿಲ್ಲ.

ಆ ಹೊತ್ತಿನಲ್ಲಿ ನಾನು ಮಾಡಬೇಕಾಗಿದ್ದದ್ದು ಬಹಳ ಸುಲಭದ ಕೆಲಸ. ಅವ್ವನನ್ನು ಕರೆದು ಗೂಡಿನ ಮುಂದೆ ಕೂರಿಸಬೇಕಿತ್ತು. ಮಾಡಲಿಲ್ಲ. ಗೂಡು ಕಟ್ಟಿದವನು ನಾನು, ಚಿಪ್ಪೆಲ್ಲಿ ಎಂದು ಕೇಳಿದವನು ನಾನು, ಊರ ಹೆಂಗಸಿನ ಮುಂದೆ ನಾಲಗೆ ನೋಡಿದವನು ನಾನು. ಇಂಗ್ಲಿಷು ಓದಿದ ಮಗ ಎಂದು ಅವ್ವ ಹೇಳಿಕೊಂಡು ತಿರುಗುತ್ತಿದ್ದಳು. ಅದಷ್ಟನ್ನೂ ಒಂದು ಕೋಳಿಯ ಮುಂದೆ ಕಳೆದುಕೊಳ್ಳಲು ನನಗೆ ಮನಸ್ಸಾಗಲಿಲ್ಲ. ಅತ್ತಿಗೆ ಕಳೆದುಕೊಂಡದ್ದು ಆಗಿಹೋಗಿದೆ, ಅವಳು ಅಭ್ಯಾಸ ಮಾಡಿಕೊಳ್ಳುತ್ತಾಳೆ ಎಂದುಕೊಂಡೆ. ಹೀಗೆಯೇ ಅಂದುಕೊಂಡೆ, ಬೇರೆ ಮಾತಿನಲ್ಲಲ್ಲ.

ಕಂದು ಹೇಂಟೆಯೇ ಎಲ್ಲಕ್ಕಿಂತ ಚಟದ್ದು. ಅದು ಇಲ್ಲವಾದರೆ ಮೊಟ್ಟೆ ಉಳಿದೀತು, ಯಾರಿಗೂ ಏನೂ ತಿಳಿಯದೆ ಎಲ್ಲ ಸರಿಹೋದೀತು ಎಂದು ಮಾರನೆಯ ದಿನ ಅದರ ಕತ್ತು ಮುರಿದೆ. ಬಾಣಂತಿಗೆ ಸಾರು ಮಾಡಿಸು ಎಂದು ಅವ್ವನಿಗೆ ಹೇಳಿದೆ. ಅವ್ವ ಅದನ್ನು ಹಸನು ಮಾಡಲು ಅತ್ತಿಗೆಗೆ ಕೊಟ್ಟಳು. ಅವಳ ಕೈಗೇ ಹೋಗುತ್ತದೆಂಬುದು ನನಗೆ ಹೊಳೆದಿರಲಿಲ್ಲ.

ನಾನು ಜಗಲಿಯಲ್ಲಿ ಕೂತಿದ್ದೆ. ಅತ್ತಿಗೆ ಬಾಳೆಲೆಯ ತುಂಡೊಂದನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಬಂದಳು. ಮೊಣಕೈವರೆಗೂ ರಕ್ತವಿತ್ತು. ಎಲೆಯನ್ನು ನನ್ನ ಮುಂದಿಟ್ಟಳು. ಕೋಳಿಯ ಹೊಟ್ಟೆಯೊಳಗಿದ್ದ, ಇಡಲು ಸಿದ್ಧವಾಗಿದ್ದ ತೊಗಲು ಮೊಟ್ಟೆ ಒಂದು. ಅದರ ಪಕ್ಕದಲ್ಲಿ ಕತ್ತಿನ ಚೀಲದಿಂದ ತೆಗೆದದ್ದು: ನುಚ್ಚಿನ ನಡುವೆ ಮುದುಡಿದ ತೊಗಲು, ಬಿಳಿ ಚಿಪ್ಪಿನ ಚೂರುಗಳು.

"ಮರಿ, ನೋಡು," ಎಂದಳು. ದನಿಯಲ್ಲಿ ಗೆದ್ದೆನೆಂಬುದು ಒಂದಿಷ್ಟೂ ಇರಲಿಲ್ಲ. ಮಗು ಹುಟ್ಟಿದ ದಿನ ಬಾಗಿಲಿಗೆ ಬಂದು ನನಗೆ ಹೆಣ್ಣು ಎಂದು ಹೇಳಿದಾಗ ಇದ್ದ ದನಿಯೇ ಅದು. "ಇದೇ ತಿಂತಿದ್ದಿದ್ದು. ನಾನ್ ಹೇಳಿದ್ರೆ ಅತ್ತೆ ನಂಬಲ್ಲ. ನೀನ್ ಹೇಳು. ನಿನ್ ಮಾತು ಕೇಳ್ತಾರೆ."

ನಾನು ಬಾಗಿಲ ಕಡೆ ತಿರುಗಿ ನೋಡಿದೆ.

"ನಂಗೇನೂ ಬೇಡ. ನಾಲ್ಗೆ ನೋಡಿದ್ದೆಲ್ಲ ಹೋಗ್ಲಿ ಬಿಡು. ನಾಳೆಯಿಂದ ಮಗೂಗೆ ನೀರು ನಾನ್ ಹಾಕ್ತೀನಿ ಅನ್ನು. ಅತ್ತೆ ಕೈ ಜಾರ್ತದೆ ಮರಿ, ನೀನೇ ಕೇಳ್ತಿದ್ದೀಯಲ್ಲ, ಹೆಂಗ್ ಕಿರುಚ್ತದೆ."

ಒಳಗಿನಿಂದ ಅವ್ವ, "ಏನದು ಅಲ್ಲಿ?" ಎಂದು ಕೇಳಿದಳು. ಬರುವ ಹೆಜ್ಜೆ ಕೇಳಿಸಿತು. ನಾನು ಎಲೆಯನ್ನು ಎತ್ತಿ ಅಂಗಳಕ್ಕೆ ಎಸೆದೆ. ನಾಯಿ ಎದ್ದು ಬಂತು. ಎರಡು ನೆಕ್ಕಿಗೆ ಎಲ್ಲ ಮುಗಿಯಿತು. ಅತ್ತಿಗೆ ನಾಯಿಯನ್ನು ನೋಡಿದಳು, ಆಮೇಲೆ ನನ್ನನ್ನು ನೋಡಿದಳು. ನಾನು ಮೊದಲೇ ಬಲ್ಲೆನೆಂಬುದು ಅವಳಿಗೆ ಗೊತ್ತಾಯಿತು. ಅದು ಅವಳ ಮುಖದಲ್ಲಿ ಬರುವುದನ್ನು ನಾನು ಕಂಡೆ. ಕಂಡದ್ದರಿಂದಲೇ ಮುಂದಿನ ಮಾತು ಬಾಯಿಗೆ ಬಂತೆಂದು ಕಾಣುತ್ತದೆ.

"ಕೋಳಿ ಹೊಟ್ಟೆ ಕುಯ್ದು ನನ್ನ ಮುಂದೆ ಇಡ್ತೀಯಾ?" ಎಂದೆ. "ನಿನ್ ಹೊಟ್ಟೇಲಿ ಎರಡು ಸಲ ಬಂದಿದ್ದೂ ಇಂಥದ್ದೇ ತಾನೆ. ತೊಗಲು ಮೊಟ್ಟೆ. ನಿಂಗ್ಯಾಕೆ ಇನ್ನೊಬ್ರ ಮಗು."

ಅವ್ವ ಬಾಗಿಲಿಗೆ ಬಂದಿದ್ದಳು. ಕೊನೆಯ ಮಾತು ಕೇಳಿಸಿಕೊಂಡಳು. ಹಾಗೇ ತಿರುಗಿ ಒಳಗೆ ಹೋದಳು.

ಅತ್ತಿಗೆ ಹಿತ್ತಿಲಿಗೆ ಹೋಗಿ ಕೋಳಿಯನ್ನು ಹಸನು ಮಾಡಿ ಮುಗಿಸಿದಳು. ಕರಿಮೆಣಸು ಹಾಕಿ ಸಾರು ಮಾಡಿದಳು. ತಟ್ಟೆಯನ್ನು ಹೊಸ್ತಿಲ ಮೇಲಿಟ್ಟಳು, ಒಳಗೆ ನೋಡದೆ ಎದ್ದಳು. ನಾನೂ ಆ ಸಾರನ್ನು ಉಂಡೆ. ಚೆನ್ನಾಗಿತ್ತು. ಬೆಳಿಗ್ಗೆ ಹಂಡೆಗೆ ಬೆಂಕಿ ಬಿದ್ದಿರಲಿಲ್ಲ. ಒಂದು ಸೀರೆ, ಎಲೆಅಡಿಕೆಯ ಚೀಲ ತೆಗೆದುಕೊಂಡು ಅವಳು ಹೊಳೆ ದಾಟಿ ಹೋಗಿದ್ದಳು. ಹೊಳೆ ತುಂಬಿ ಹರಿಯುತ್ತಿದ್ದ ದಿನಗಳವು. ದೋಣಿಯವನೊಬ್ಬನೇ ಅವಳನ್ನು ಕಂಡವನು.

"ಹೋಗಿ ಕರ್ಕೊಂಡ್ ಬಾ," ಎಂದು ಅವ್ವ ನಾಲ್ಕಾರು ದಿನ ಹೇಳಿದಳು. ಕೆಲಸದ ಭಾರಕ್ಕೆ ಹೇಳಿದಳೋ, ಬೇರೆ ಏನಕ್ಕೋ ಗೊತ್ತಿಲ್ಲ. ಎಸ್ಟೇಟಿನಲ್ಲಿ ಪಿಕಿಂಗ್, ಕಾಫಿ ಹಣ್ಣಿನ ಕೊಯ್ಲು, ಶುರುವಾಗುತ್ತದೆ, ರಜೆ ಸಿಗುವುದಿಲ್ಲ ಎಂದೆ. ಪಿಕಿಂಗಿಗೆ ಇನ್ನೂ ಎಷ್ಟೋ ತಿಂಗಳಿತ್ತು.

ಅವಳು ಹೋದ ಮೇಲೆ ಬಲೆಯ ಬಾಗಿಲು ತೆರೆದೆ. ಕೋಳಿಗಳು ಓಡಿ ಹೋಗಿ ಮೊದಲು ಮುತ್ತಿದ್ದು ಗೋಡೆಯನ್ನು. ಸ್ವಲ್ಪ ದಿನಕ್ಕೆ ಚಿಪ್ಪು ಗಟ್ಟಿಯಾಯಿತು. ಪೆಟ್ಟಿಗೆಗಳ ಮುಂದೆ ಗೋಣಿ ಕಟ್ಟಿ ಕತ್ತಲು ಮಾಡಿದೆ, ಇಟ್ಟ ಕೂಡಲೇ ಮೊಟ್ಟೆ ತೆಗೆದೆ, ಹೊಳೆಯ ಬಿಳಿ ಕಲ್ಲೊಂದನ್ನು ಮೊಟ್ಟೆಯಂತೆ ಇಟ್ಟೆ. ಕುಕ್ಕಿ ಕುಕ್ಕಿ ಬೇಸತ್ತು ಉಳಿದವು ಚಟ ಬಿಟ್ಟವು. ಆಮೇಲೆ ನಾನು ಈ ವಿಷಯದಲ್ಲಿ ತಿಳಿದವನು ಎನಿಸಿಕೊಂಡೆ. ಎಸ್ಟೇಟಿನ ಲೈನುಮನೆಗಳ ಕೂಲಿಯವರು, ಊರವರು, ಕೊನೆಗೆ ಬಂಗಲೆಯ ಬಟ್ಲರ್ ಕೂಡ ನನ್ನನ್ನು ಕೇಳುತ್ತಿದ್ದರು. ಮೊಟ್ಟೆಯ ಚಿಪ್ಪನ್ನು ಹಾಗೇ ಹಾಕಬೇಡಿ, ಹುರಿದು ಪುಡಿ ಮಾಡಿ ತೌಡಿಗೆ ಬೆರೆಸಿ, ಇಲ್ಲದಿದ್ದರೆ ರುಚಿ ಹತ್ತುತ್ತದೆ ಎನ್ನುತ್ತಿದ್ದೆ. ಖಾರ ತುಂಬಿ ಪ್ರಯೋಜನವಿಲ್ಲ, ಕೋಳಿಗೆ ಖಾರ ತಿಳಿಯುವುದಿಲ್ಲ ಎನ್ನುತ್ತಿದ್ದೆ. ನಿಮಗೆ ಹೇಗೆ ಗೊತ್ತು ಎಂದು ಯಾರೂ ಕೇಳಲಿಲ್ಲ. ಅವ್ವ ಒಬ್ಬಳೇ ಒಮ್ಮೆ ಆ ಮಾತು ಕೇಳಿಸಿಕೊಂಡು ನನ್ನ ಕಡೆ ನೋಡಿದಳು. ಅವಳು ಮಡಿಲಲ್ಲಿದ್ದ ಸೊಪ್ಪನ್ನು ಬಿಡಿಸುತ್ತಲೇ ಇದ್ದಳು. ಸಾಯುವವರೆಗೂ ಆ ವಿಷಯ ಎತ್ತಲಿಲ್ಲ. ನಾನೂ ಎತ್ತಲಿಲ್ಲ.

ಅತ್ತಿಗೆಯನ್ನು ಮತ್ತೆ ಕಂಡದ್ದು ಒಂದೇ ಸಲ, ಕೊಡ್ಲಿಪೇಟೆಯ ಸಂತೆಯಲ್ಲಿ. ತವರಿನಲ್ಲಿದ್ದ ತನ್ನ ಅಣ್ಣನ ಮನೆಯವರ ಮೆಣಸಿನಕಾಯಿ ಮಾರಲು ನೆಲದಲ್ಲಿ ಗೋಣಿ ಹಾಸಿ ಕೂತಿದ್ದಳು. ಸೊರಗಿ ಕಪ್ಪಾಗಿದ್ದಳು. ಅಲ್ಲಿ ಆ ಅಣ್ಣನ ಹೆಂಡತಿಯ ಕೈಕೆಳಗೆ ಅವಳ ಬದುಕು ಹೇಗಿತ್ತೆಂದು ಅವಳ ಅಂಗೈ ಹೇಳುತ್ತಿತ್ತು. ನನ್ನನ್ನು ಕಂಡು ಎದ್ದು ನಿಂತಳು. ನಾನು ದಾಟಿ ಹೋಗಬಹುದಿತ್ತು. ಜನ ನೋಡುತ್ತಿದ್ದರೆಂದು ನಿಂತೆ.

"ಚೆಂದಾಗಿದ್ದೀರಾ?" ಎಂದಳು. ಏಕವಚನ ಹೋಗಿತ್ತು.

"ಹೂಂ."

"ಮಗು ನಡೀತದಾ?"

"ಓಡ್ತಾಳೆ."

ಅವಳ ಮುಖ ಅರಳಿತು. ಓಡುವುದನ್ನು ಕಣ್ಣೆದುರು ನೋಡುತ್ತಿರುವವಳಂತೆ ಸ್ವಲ್ಪ ಹೊತ್ತು ನಿಂತಿದ್ದಳು. ಇನ್ನೊಂದು ಪ್ರಶ್ನೆ ಕೇಳಲು ಬಾಯಿ ತೆರೆದಳು. ನಾನು ಕೇಳಿಸಿಕೊಳ್ಳಲಿಲ್ಲ. "ಹೊತ್ತಾಯ್ತು," ಎಂದು ಹೊರಟೆ. ತಪ್ಪಾಯಿತು ಎಂಬ ಒಂದು ಮಾತಿಗೆ ಬೇಕಾಗಿದ್ದ ಹೊತ್ತು ಅಷ್ಟರಲ್ಲೇ ಇತ್ತು. ಸುತ್ತ ಯಾರಿಗೂ ಅದು ಅರ್ಥವೂ ಆಗುತ್ತಿರಲಿಲ್ಲ.

ಅವಳು ಸತ್ತ ಸುದ್ದಿ ಬಂದದ್ದು ಬ್ರಿಟಿಷರು ಹೋಗುವ ಮುಂಚಿನ ಬೇಸಿಗೆಯಲ್ಲಿ. ತಿಥಿಯ ದಿನ ನಾನೊಬ್ಬನೇ ಹೊಳೆ ದಾಟಿದೆ. ಹೆಂಡತಿ ಬರುತ್ತೇನೆಂದಳು, ಬಿಸಿಲು ಎಂದು ಬಿಟ್ಟುಹೋದೆ. ಮಗಳಿಗೆ ಎಲ್ಲಿಗೆ ಹೋಗುತ್ತೇನೆಂದೇ ಹೇಳಲಿಲ್ಲ. ಅಲ್ಲಿ ಚಪ್ಪರದಡಿ ಎಲೆ ಹಾಕಿದ್ದರು. ಪಕ್ಕದ ಎಲೆಗೆ ಕೂತ ಮುದುಕ ನನ್ನ ಕೋಟು, ಚಪ್ಪಲಿ ನೋಡಿ, "ತಾವು ಯಾವೂರು ಸ್ವಾಮಿ? ಸತ್ತೋರು ತಮಗೇನಾಗ್ಬೇಕು?" ಎಂದು ಕೇಳಿದ. ಅವಳ ಅಣ್ಣ ಸಾರಿನ ಪಾತ್ರೆ ಹಿಡಿದು ನಮ್ಮ ಸಾಲಿಗೇ ಬರುತ್ತಿದ್ದ. ಅವನು ಕೇಳಿಸಿಕೊಳ್ಳುವಷ್ಟು ಹತ್ತಿರದಲ್ಲಿದ್ದ.

"ಹೊಳೆ ಆಚೆಯವನು," ಎಂದೆ. "ದೂರದ ನೆಂಟ್ರು."

ಅವನು ನನ್ನ ಎಲೆಗೆ ಸಾರು ಬಡಿಸಿ ಮುಂದೆ ಹೋದ. ನಾನು ಉಂಡು, ಕೈ ತೊಳೆದು, ಕತ್ತಲಾಗುವ ಮೊದಲು ಮನೆ ಸೇರಿದೆ.

ದೂರದ ನೆಂಟಳಲ್ಲ. ನಾನು ಕ್ಷಮೆ ಕೇಳದೆ ಬಿಟ್ಟವಳು ನಮ್ಮ ಮನೆಯ ಹಿರಿಯ ಸೊಸೆ, ನನ್ನ ಅಣ್ಣನ ಹೆಂಡತಿ, ನನ್ನ ಅತ್ತಿಗೆ.